ಹಳಿಯ ಅಳತೆ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳಿಯ ಮೇಲೆ ಓಡುತ್ತಲೇ ಅದರ ಆಕಾರವನ್ನು ಅಳೆದು ಬರೆಯುವ ಗಾಡಿಗೆ ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಎಂದು ಹೆಸರು. ಅದರ ವರದಿಯನ್ನು ಓದಬೇಕಾದವರು, ವರದಿ ಹಿಡಿದು ಹಳಿಯ ಮೇಲೆ ನಡೆಯಬೇಕಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದು ಮಾತು ಮೊದಲೇ ಹೇಳಬೇಕು. ಗಾಡಿ ಕೊಡುವ ಯಾವ ಮಿಲಿಮೀಟರನ್ನೂ ಒಂಟಿಯಾಗಿ ನಂಬಬೇಡಿ. ಎಷ್ಟು ಉದ್ದದ ಮೇಲೆ ಅಳೆದದ್ದು, ಎಷ್ಟು ಭಾರದ ಕೆಳಗೆ ಅಳೆದದ್ದು, ಯಾವ ಜಾಗದಲ್ಲಿ ಅಳೆದದ್ದು ಎಂಬ ಮೂರು ವಿವರ ಜೊತೆಗಿಲ್ಲದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಈ ಗಾಡಿ ಅಳೆಯುವುದು ಏನನ್ನು?

ಮುಖ್ಯವಾಗಿ ಐದು ಸಂಗತಿ. ಎರಡು ಹಳಿಗಳ ಒಳಮೈಗಳ ನಡುವಿನ ಅಂತರ ಗೇಜ್. ಒಂದು ಹಳಿಗಿಂತ ಇನ್ನೊಂದು ಎಷ್ಟು ಎತ್ತರದಲ್ಲಿದೆ ಎಂಬುದು ಕ್ರಾಸ್ ಲೆವೆಲ್. ತಿರುವಿನಲ್ಲಿ ಹೊರ ಹಳಿಗೆ ಬೇಕೆಂದೇ ಕೊಟ್ಟ ಎತ್ತರವಾದರೆ ಅದು ಕ್ಯಾಂಟ್. ಈ ಕ್ರಾಸ್ ಲೆವೆಲ್ ಕೆಲವೇ ಮೀಟರ್ ದೂರದಲ್ಲಿ ಎಷ್ಟು ಬದಲಾಯಿತು ಎಂಬುದು ಟ್ವಿಸ್ಟ್. ಹಳಿ ಉದ್ದಕ್ಕೂ ಮೇಲೆ ಕೆಳಗೆ ಏರಿಳಿಯುವುದು ಅನ್‌ಈವನ್‌ನೆಸ್, ಅಕ್ಕಪಕ್ಕಕ್ಕೆ ಸರಿದಿರುವುದು ಅಲೈನ್‌ಮೆಂಟ್. ಕೊನೆಯ ಎರಡನ್ನು ಎಡ ಹಳಿಗೂ ಬಲ ಹಳಿಗೂ ಬೇರೆಬೇರೆಯಾಗಿ ಬರೆಯುತ್ತಾರೆ. ಆದ್ದರಿಂದ ಗ್ರಾಫಿನಲ್ಲಿ ಕಡಿಮೆಯೆಂದರೂ ಏಳು ಗೆರೆ. ವೇಗ, ವಕ್ರತೆ, ಡಬ್ಬಿಯ ಕುಲುಕಾಟ ಇವಕ್ಕೆ ಇನ್ನಷ್ಟು ಗೆರೆಗಳಿರುತ್ತವೆ.

ಪ್ರತಿ 25 ಸೆಂ.ಮೀ.ಗೆ ಒಂದು ದಾಖಲೆ ತೆಗೆಯುವುದು ಸಾಮಾನ್ಯ ರೂಢಿ. ಅಂದರೆ ಒಂದು ಕಿ.ಮೀ.ಗೆ ಒಂದು ಗೆರೆಯಲ್ಲಿ 4,000 ಅಂಕಿ, ಏಳು ಗೆರೆಗೆ 28,000. ಗಂಟೆಗೆ 100 ಕಿ.ಮೀ. ಓಟದಲ್ಲಿ ಪ್ರತಿ ಸೆಕೆಂಡಿಗೆ 111 ಬಾರಿ ಅಳತೆ ನಡೆಯುತ್ತದೆ.

ಗೇಜ್ ಅಳೆಯುವುದು ಹಳಿತಲೆಯ ಯಾವ ಮಟ್ಟದಲ್ಲಿ?

ಯುರೋಪಿನ ಇಎನ್ 13848 ಮಾನದಂಡದ ಪ್ರಕಾರ ಹಳಿತಲೆಯ ಮೇಲ್ಮೈಯಿಂದ 14 ಮಿ.ಮೀ. ಕೆಳಗಿನವರೆಗಿನ ಭಾಗದಲ್ಲಿ. ಅಮೆರಿಕದಲ್ಲಿ ಇಂಚಿನ ಎಂಟನೇ ಐದು ಭಾಗ, ಅಂದರೆ ಸುಮಾರು 16 ಮಿ.ಮೀ. ಕೆಳಗೆ. ಗಾಲಿಯ ಅಂಚು ಹಳಿಗೆ ತಾಗುವುದು ಅಲ್ಲೇ. ಅದಕ್ಕಿಂತ ಮೇಲೆ ಹಿಡಿದರೆ ದುಂಡಗಿರುವ ಮೂಲೆ ಸಿಗುತ್ತದೆ, ಗೇಜ್ ಸುಳ್ಳೇ ಅಗಲವಾಗಿ ಕಾಣುತ್ತದೆ. ತಿರುವಿನಲ್ಲಿ ಭಾರಕ್ಕೆ ಹಿಸುಕಿದ ಉಕ್ಕು ತಲೆಯ ಪಕ್ಕಕ್ಕೆ ತುಟಿಯಂತೆ ಹೊರಚಾಚಿದ್ದರೆ ಗೇಜ್ ಕಿರಿದಾಗಿ ಕಾಣುತ್ತದೆ. ಬೆರಳಿಟ್ಟು ಸವರಿದರೆ ಈ ತುಟಿ ಬ್ಲೇಡಿನಂತೆ ಚುಚ್ಚುತ್ತದೆ. ಪರೀಕ್ಷಿಸುವುದಾದರೆ ದಪ್ಪ ಕೈಗವಸು ಇರಲಿ.

ಗೇಜ್ ಅಗಲವಾದರೆ ಕಾರಣ ಬಹುಮಟ್ಟಿಗೆ ಮೂರರಲ್ಲಿ ಒಂದು: ಹೊರ ಹಳಿಯ ಪಕ್ಕ ಸವೆದಿದೆ, ಸ್ಲೀಪರಿಗೆ (ಹಳಿಯಡಿ ಅಡ್ಡಲಾಗಿ ಹಾಕಿದ ತೊಲೆಗೆ) ಹಳಿ ಹಿಡಿದಿಡುವ ಕ್ಲಿಪ್ ಅಥವಾ ಲೈನರ್ ಬಿದ್ದುಹೋಗಿದೆ, ಇಲ್ಲವೇ ಹಳಿಯಡಿಯ ರಬ್ಬರ್ ಪ್ಯಾಡ್ ಜಜ್ಜಿಹೋಗಿ ಹಳಿಯೇ ಹೊರಕ್ಕೆ ವಾಲುತ್ತಿದೆ. ಮೂರನೆಯದನ್ನು ಪತ್ತೆ ಮಾಡಲು ಸುಲಭ ದಾರಿ ಇದೆ. ಗಾಡಿಯ ಭಾರದ ಕೆಳಗೆ ಬಂದ ಗೇಜನ್ನೂ ಖಾಲಿ ಹಳಿಯ ಮೇಲೆ ಅಳತೆ ಪಟ್ಟಿ ಇಟ್ಟು ನೋಡಿದ ಗೇಜನ್ನೂ ಹೋಲಿಸಿ. ಭಾರದ ಕೆಳಗೆ 5 ಮಿ.ಮೀ. ಹೆಚ್ಚಿದ್ದರೆ ಹಳಿಯನ್ನು ದೂರಬೇಡಿ, ಹಿಡಿತವನ್ನು ನೋಡಿ.

ಟ್ವಿಸ್ಟ್ ಕಂಡರೆ ಎಲ್ಲರೂ ಗಾಬರಿಯಾಗುವುದೇಕೆ?

ಗಾಲಿ ಹಳಿ ಹತ್ತಿ ಆಚೆ ಬೀಳಲು ಅತ್ಯಂತ ನೇರವಾದ ದಾರಿ ಅದೇ. ನಾಲ್ಕು ಕಾಲಿನ ಮೇಜನ್ನು ಸೊಟ್ಟ ನೆಲದ ಮೇಲಿಟ್ಟರೆ ಮೂರು ಕಾಲು ಊರಿ ಒಂದು ಗಾಳಿಯಲ್ಲಿ ನಿಲ್ಲುವಂತೆ, ತಿರುಚಿದ ಹಳಿಯ ಮೇಲೆ ಬೋಗಿಯ (ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟಿನ) ಒಂದು ಮೂಲೆಯ ಗಾಲಿಯ ಭಾರ ಇಳಿಯುತ್ತದೆ. ಸ್ಪ್ರಿಂಗ್ ಸ್ವಲ್ಪ ಸರಿದೂಗಿಸುತ್ತದೆ. ಆದರೆ ಭಾರ ಇಳಿದ ಆ ಗಾಲಿಯೇ ತಿರುವಿನಲ್ಲಿ ಹೊರ ಹಳಿಗೆ ಒತ್ತಿಕೊಂಡು ಹೋಗುವ ಗಾಲಿಯಾಗಿದ್ದರೆ, ಅದನ್ನು ಕೆಳಗೆ ಹಿಡಿದಿಡುವ ಬಲಕ್ಕಿಂತ ಪಕ್ಕಕ್ಕೆ ತಳ್ಳುವ ಬಲ ಹೆಚ್ಚಾಗಿ ಅಂಚು ಹಳಿಯ ಮೇಲೇರುತ್ತದೆ. ಚೌಕಟ್ಟು ಬಿಗಿಯಾಗಿರುವ ಖಾಲಿ ಟ್ಯಾಂಕ್ ವ್ಯಾಗನ್, ಒಂದೇ ಪಕ್ಕಕ್ಕೆ ಸರಕು ಸರಿದ ವ್ಯಾಗನ್ ಇವಕ್ಕೆ ಅಪಾಯ ಹೆಚ್ಚು.

ಲೆಕ್ಕ ಸರಳ. ಒಂದು ಬಿಂದುವಿನಲ್ಲಿ ಎಡ ಹಳಿ 12 ಮಿ.ಮೀ. ಎತ್ತರ, 3 ಮೀ. ಮುಂದೆ ಎಡ ಹಳಿಯೇ 3 ಮಿ.ಮೀ. ಎತ್ತರ ಎಂದಿಟ್ಟುಕೊಳ್ಳಿ. ವ್ಯತ್ಯಾಸ 9 ಮಿ.ಮೀ., ಅಂದರೆ ಮೀಟರಿಗೆ 3 ಮಿ.ಮೀ. ಮುಂದಿನ ಬಿಂದುವಿನಲ್ಲಿ ಎಡದ ಬದಲು ಬಲ ಹಳಿ 3 ಮಿ.ಮೀ. ಎತ್ತರವಿದ್ದರೆ ವ್ಯತ್ಯಾಸ 15 ಮಿ.ಮೀ., ಮೀಟರಿಗೆ 5. ಈ ಎರಡನೇ ಲೆಕ್ಕದಲ್ಲಿ ಚಿಹ್ನೆ ತಪ್ಪಿ 12ರಿಂದ 3 ಕಳೆದವರು ಬಹಳ ಮಂದಿ.

ತಳದ ಉದ್ದ, ಅಂದರೆ ಅಳೆದ ಎರಡು ಬಿಂದುಗಳ ನಡುವಿನ ದೂರ, ಕೇಳದೆ ಟ್ವಿಸ್ಟಿನ ಅಂಕಿ ಒಪ್ಪಬೇಡಿ. 3 ಮೀ. ತಳ ಬೋಗಿಯ ಎರಡು ಅಚ್ಚುಗಳ ನಡುವಿನ ದೂರಕ್ಕೆ ಹತ್ತಿರ. ಅದಕ್ಕಿಂತ ಎಷ್ಟೋ ಉದ್ದದ ತಳ ಡಬ್ಬಿಯ ಎರಡು ಬೋಗಿಗಳ ನಡುವಿನ ದೂರಕ್ಕೆ ಹೊಂದುತ್ತದೆ. ಮೊದಲನೆಯದು ಬೋಗಿಯನ್ನು ತಿರುಚುತ್ತದೆ, ಎರಡನೆಯದು ಡಬ್ಬಿಯನ್ನು. ಮತ್ತೊಂದು ವಿಷಯ: ನೇರ ಹಳಿಯಿಂದ ತಿರುವಿಗೆ ಹೋಗುವ ಟ್ರಾನ್ಸಿಷನ್ನಿನಲ್ಲಿ ಕ್ಯಾಂಟ್ ಮೆಲ್ಲಗೆ ಏರಲೇಬೇಕು, ಆದ್ದರಿಂದ ಅಲ್ಲಿ ವಿನ್ಯಾಸದಲ್ಲೇ ಒಂದಿಷ್ಟು ಟ್ವಿಸ್ಟ್ ಇರುತ್ತದೆ. 90 ಮೀ. ಉದ್ದದಲ್ಲಿ 120 ಮಿ.ಮೀ. ಕ್ಯಾಂಟ್ ಏರಿದರೆ 3 ಮೀ.ಗೆ 4 ಮಿ.ಮೀ. ಅದರ ಮೇಲೆ ದೋಷದ 9 ಮಿ.ಮೀ. ಕೂಡಿದರೆ ಗಾಲಿಯ ಪಾಲಿಗೆ ಒಟ್ಟು 13. ವಿನ್ಯಾಸದ ಪಾಲನ್ನು ಕಳೆದು ಸಮಾಧಾನಪಡುವ ಅಭ್ಯಾಸ ಕೆಟ್ಟದ್ದು. ಗಾಲಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಒಂದೇ ಜಾಗಕ್ಕೆ ಎರಡು ಗಾಡಿ ಎರಡು ಬೇರೆ ಅಂಕಿ ಕೊಡುತ್ತವೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಅಳೆದ ಕಾರ್ಡಿನ (ಹಳಿಯ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯ) ಉದ್ದ ಬೇರೆ, ಅಷ್ಟೇ.

ಹಳೆಯ ವಿಧಾನ ದಾರ ಹಿಡಿಯುವುದು. ಹಳಿಯ ಎರಡು ಬಿಂದುಗಳಿಗೆ ದಾರ ಬಿಗಿದು ನಡುವೆ ಹಳಿ ಎಷ್ಟು ದೂರ ಸರಿದಿದೆ ಎಂದು ಅಳೆದರೆ ಅದು ವರ್ಸೈನ್. ಕಾರ್ಡ್ ವಿಧಾನದ ಗಾಡಿ ದಾರದ ಬದಲು ತನ್ನ ಚೌಕಟ್ಟನ್ನೇ ಬಳಸುತ್ತದೆ. ತಿರುವಿಗೆ ಇದು ಸೊಗಸಾದ ವಿಧಾನ. ಕಾರ್ಡಿನ ಉದ್ದದ ವರ್ಗವನ್ನು 125ರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಮಿ.ಮೀ. ಸಿಗುತ್ತದೆ (ಎರಡನ್ನೂ ಮೀಟರಿನಲ್ಲಿ ಹಾಕಬೇಕು). 400 ಮೀ. ತ್ರಿಜ್ಯಕ್ಕೆ 20 ಮೀ. ಕಾರ್ಡಿನಲ್ಲಿ 125 ಮಿ.ಮೀ.; 1,000 ಮೀ.ಗೆ 50. ಅಮೆರಿಕದಲ್ಲಿ 62 ಅಡಿ ಕಾರ್ಡ್ ಬಳಸುವುದಕ್ಕೂ ಇಂಥದೇ ಕಾರಣ: ಅದರಲ್ಲಿ ಒಂದು ಇಂಚು ಎಂದರೆ ಒಂದು ಡಿಗ್ರಿ ತಿರುವು.

ತೊಡಕಿರುವುದು ಅಲೆಯಂತಹ ದೋಷಗಳಲ್ಲಿ. ಕಾರ್ಡ್ ಅಳೆಯುವುದು ಹಳಿಯ ನಿಜವಾದ ಆಕಾರವನ್ನಲ್ಲ. ತುದಿಗಳ ಸರಾಸರಿಗೂ ನಡುಬಿಂದುವಿಗೂ ಇರುವ ವ್ಯತ್ಯಾಸವನ್ನು. ಹಳಿ 10 ಮಿ.ಮೀ. ಎತ್ತರಕ್ಕೆ ಏರಿ, ಅಷ್ಟೇ ಇಳಿಯುವ ಅಲೆಯಾಗಿದೆ, ಅಲೆಯುದ್ದ 10 ಮೀ. ಎಂದುಕೊಳ್ಳಿ. 10 ಮೀ. ಕಾರ್ಡಿನ ಎರಡೂ ತುದಿ ತಗ್ಗಿನಲ್ಲಿ ಕೂತಾಗ ನಡು ದಿಬ್ಬದ ಮೇಲಿರುತ್ತದೆ. ಗಾಡಿ 20 ಮಿ.ಮೀ. ಎಂದು ಬರೆಯುತ್ತದೆ. ಅದೇ ಹಳಿಯ ಮೇಲೆ 20 ಮೀ. ಕಾರ್ಡಿನ ತುದಿಗಳೂ ನಡುವೂ ಮೂರೂ ತಗ್ಗಿನಲ್ಲೇ, ಇಲ್ಲವೇ ಮೂರೂ ದಿಬ್ಬದಲ್ಲೇ ಇರುತ್ತವೆ. ಗಾಡಿ ಸೊನ್ನೆ ಬರೆಯುತ್ತದೆ. ಒಂದೇ ಹಳಿ, ಒಂದೇ ದಿನ. ಒಂದು ವರದಿಯಲ್ಲಿ ದೋಷ ಇಮ್ಮಡಿ, ಇನ್ನೊಂದರಲ್ಲಿ ದೋಷವೇ ಇಲ್ಲ.

ಸೂತ್ರ ಬೇಕಿದ್ದವರಿಗೆ: ಪೈಯನ್ನು ಕಾರ್ಡಿನ ಉದ್ದದಿಂದ ಗುಣಿಸಿ ಅಲೆಯುದ್ದದಿಂದ ಭಾಗಿಸಿ, ಅದರ ಕೊಸೈನನ್ನು 1ರಿಂದ ಕಳೆಯಿರಿ. ಬಂದದ್ದು ಹಿಗ್ಗಿಸುವಿಕೆಯ ಪ್ರಮಾಣ. ಹಳಿ ತುಂಡುಗಳ ಜೋಡಣೆ 13 ಮೀ.ಗೊಂದರಂತೆ ಕುಸಿದಿದ್ದರೆ 10 ಮೀ. ಕಾರ್ಡ್ ಅದನ್ನು 1.75 ಪಟ್ಟು ತೋರಿಸುತ್ತದೆ, 20 ಮೀ. ಕಾರ್ಡ್ 0.88 ಪಟ್ಟು. 70 ಮೀ. ಉದ್ದದ ನಿಧಾನ ಅಲೆಯನ್ನು 10 ಮೀ. ಕಾರ್ಡ್ ಹತ್ತನೇ ಒಂದು ಭಾಗಕ್ಕಿಳಿಸುತ್ತದೆ. ಈ 70 ಮೀ. ಯಾರಿಗೆ ಬೇಕು ಎಂದು ಕೇಳಬೇಡಿ: ಗಂಟೆಗೆ 250 ಕಿ.ಮೀ. ಓಡುವ ರೈಲು ಅದನ್ನು ಸೆಕೆಂಡಿಗೆ ಒಂದರಂತೆ ದಾಟುತ್ತದೆ, ಮತ್ತು ಸ್ಪ್ರಿಂಗಿನ ಮೇಲಿನ ಡಬ್ಬಿ ಸಹಜವಾಗಿ ತೂಗುವುದೂ ಹೆಚ್ಚುಕಡಿಮೆ ಸೆಕೆಂಡಿಗೆ ಒಂದೇ ಬಾರಿ. ಜಪಾನಿನ ಅತಿವೇಗದ ಶಿಂಕಾನ್‌ಸೆನ್ ರೈಲುಗಳ ಹಳಿಗಳಿಗೆ 40 ಮೀ. ಕಾರ್ಡಿನ ಲೆಕ್ಕವನ್ನೂ ಬಳಸುವುದು ಇದಕ್ಕೇ. ನಡುಬಿಂದುವಿನ ಬದಲು ಒಂದು ಪಕ್ಕಕ್ಕೆ ಸರಿದ ಬಿಂದುವಿನಲ್ಲಿ ಅಳೆಯುವ ಗಾಡಿಗಳೂ ಇವೆ. ಕಾರ್ಡಿನ ಅರ್ಧದಷ್ಟು ಉದ್ದದ ಅಲೆಗೆ ಕುರುಡಾಗುವುದು ಅದರಿಂದ ತಪ್ಪುತ್ತದೆ.

ಜಡತ್ವ ವಿಧಾನದಲ್ಲಿ ಈ ಸಮಸ್ಯೆ ಇಲ್ಲವೇ?

ಇದು ಇಲ್ಲ, ಬೇರೆಯದು ಇದೆ. ಇಲ್ಲಿ ಬೋಗಿ ಅಥವಾ ಡಬ್ಬಿಗೆ ಕೂರಿಸಿದ ವೇಗೋತ್ಕರ್ಷ ಮಾಪಕದ ಸಂಕೇತವನ್ನು ಎರಡು ಸಲ ಸಂಕಲಿಸಿ ಗಾಡಿ ಎಷ್ಟು ಮೇಲೆ ಕೆಳಗೆ ಹೋಯಿತು ಎಂದು ತಿಳಿಯುತ್ತಾರೆ. ಗಾಡಿಗೂ ಹಳಿಗೂ ನಡುವಿನ ಅಂತರವನ್ನು ಲೇಸರ್ ಅಳೆಯುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಹಳಿಯ ಆಕಾರ ಸಿಗುತ್ತದೆ. ವಾಲುವಿಕೆಗೆ ಜೈರೊಸ್ಕೋಪ್ ಇರುತ್ತದೆ.

ತೊಂದರೆ ನಿಧಾನ ಓಟದಲ್ಲಿ. 20 ಮೀ. ಅಲೆಯುದ್ದ, 5 ಮಿ.ಮೀ. ಎತ್ತರದ ಅಲೆಯ ಮೇಲೆ ಸೆಕೆಂಡಿಗೆ 20 ಮೀ. (ಗಂಟೆಗೆ 72 ಕಿ.ಮೀ.) ಓಡಿದರೆ ವೇಗೋತ್ಕರ್ಷ ಗುರುತ್ವದ ಸುಮಾರು ಐವತ್ತನೇ ಒಂದು ಭಾಗ. ವೇಗ ಹತ್ತನೇ ಒಂದಕ್ಕಿಳಿದರೆ ವೇಗೋತ್ಕರ್ಷ ನೂರನೇ ಒಂದಕ್ಕಿಳಿಯುತ್ತದೆ: ಗುರುತ್ವದ ಐದು ಸಾವಿರದಲ್ಲಿ ಒಂದು ಭಾಗ. ಅಷ್ಟು ಸಣ್ಣ ಸಂಕೇತ ಉಪಕರಣದ ಸ್ವಂತ ಗದ್ದಲದಲ್ಲಿ, ಕೂದಲೆಳೆಯಷ್ಟು ವಾಲಿದ್ದರೂ ನುಸುಳುವ ಗುರುತ್ವದಲ್ಲಿ ಮುಳುಗಿಹೋಗುತ್ತದೆ. ಎರಡು ಸಲ ಸಂಕಲಿಸಿದಾಗ ಆ ತಪ್ಪು ಗುಡ್ಡೆಯಾಗುತ್ತದೆ. ಅದಕ್ಕೇ ಈ ಗಾಡಿಗಳಿಗೆ ಒಂದು ಕನಿಷ್ಠ ವೇಗವಿರುತ್ತದೆ. ಅದಕ್ಕಿಂತ ಕೆಳಗೆ, ಸಿಗ್ನಲ್ಲಿಗೆ ನಿಂತು ಹೊರಟಾಗ, ಅನ್‌ಈವನ್‌ನೆಸ್ ಮತ್ತು ಅಲೈನ್‌ಮೆಂಟ್ ಗೆರೆಗಳನ್ನು ಪರಿಗಣಿಸಬಾರದು. ಗೇಜ್ ಗೆರೆ ಮಾತ್ರ ವೇಗವನ್ನು ಲೆಕ್ಕಿಸದೆ ಸರಿಯಾಗಿರುತ್ತದೆ. ಓಟದ ವೇಳಾಪಟ್ಟಿ ಹಾಕುವವರು ಇದನ್ನು ಮರೆತು ಅಳತೆ ಗಾಡಿಯನ್ನು ಪ್ರತಿ ಲೂಪಿನಲ್ಲೂ (ಬೇರೆ ರೈಲಿಗೆ ದಾರಿ ಬಿಡಲು ನಿಲ್ಲುವ ಪಕ್ಕದ ಹಳಿಯಲ್ಲಿ) ನಿಲ್ಲಿಸಿದರೆ ಆ ಮಾರ್ಗದ ಅರ್ಧ ದಾಖಲೆ ವ್ಯರ್ಥ.

ಇಎನ್ 13848 ಅಲೆಯುದ್ದಗಳನ್ನು ಪಟ್ಟಿಗಳಾಗಿ ವಿಂಗಡಿಸುತ್ತದೆ. 3ರಿಂದ 25 ಮೀ. ವರೆಗಿನದು ಡಿ1, 25ರಿಂದ 70 ಮೀ. ವರೆಗಿನದು ಡಿ2, ಅದಕ್ಕೂ ಉದ್ದದ್ದು ಡಿ3. ವರದಿಯಲ್ಲಿ ಯಾವ ಪಟ್ಟಿ ಎಂದು ನಮೂದಿಸದಿದ್ದರೆ ಕೇಳಿ ಪಡೆಯಿರಿ.

ಕೈಯಲ್ಲಿ ತಳ್ಳುವ ಟ್ರಾಲಿಯಿಂದಲೇ ಅಳೆಯಬಹುದಲ್ಲ?

ಗೇಜ್, ಕ್ರಾಸ್ ಲೆವೆಲ್ ನೋಡಲು, ದುರಸ್ತಿಯನ್ನು ಪರೀಕ್ಷಿಸಲು ಟ್ರಾಲಿ ಒಳ್ಳೆಯ ಸಾಧನ. ಆದರೆ ಅದಕ್ಕೆ ಭಾರವಿಲ್ಲ. ಕೆಲವು ಸ್ಲೀಪರುಗಳು ಜಲ್ಲಿಯ ಮೇಲೆ ಕೂತಿರುವುದೇ ಇಲ್ಲ. ಹಳಿಗೆ ಜೋತುಬಿದ್ದಿರುತ್ತವೆ, ಕೆಳಗೆ ಪೊಳ್ಳು. ಟ್ರಾಲಿ ಹೋದಾಗ ಹಳಿ ಮಟ್ಟವಾಗಿಯೇ ಇರುತ್ತದೆ. ರೈಲು ಬಂದಾಗ ಸ್ಲೀಪರ್ ಜಲ್ಲಿ ಮುಟ್ಟುವವರೆಗೂ ಕುಸಿಯುತ್ತದೆ. ಈ ಕುಸಿತವನ್ನು ಕಾಣಬೇಕಾದರೆ ಭಾರದ ಅಚ್ಚಿನ ಹತ್ತಿರವೇ ಅಳೆಯಬೇಕು. ಪೂರ್ಣ ತೂಕದ ಗಾಡಿ ಬೇಕಾಗುವುದು ಇದಕ್ಕೆ.

ವರದಿಯಲ್ಲಿರುವ ದೋಷ ಸ್ಥಳಕ್ಕೆ ಹೋದರೆ ಸಿಗುವುದಿಲ್ಲ. ಏಕೆ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ಬರುವುದು. ಕಾರಣ ಎರಡು, ಒಮ್ಮೊಮ್ಮೆ ಎರಡೂ ಒಟ್ಟಿಗೆ.

ಮೊದಲನೆಯದು, ನೀವು ನಿಂತಿರುವುದು ಬೇರೆ ಜಾಗದಲ್ಲಿ. ದೂರ ಅಳೆಯುವುದು ಅಚ್ಚಿಗೆ ಜೋಡಿಸಿದ, ಗಾಲಿಯ ಸುತ್ತು ಎಣಿಸುವ ಎನ್‌ಕೋಡರ್. 920 ಮಿ.ಮೀ. ವ್ಯಾಸದ ಗಾಲಿಯ ಸುತ್ತಳತೆ 2.89 ಮೀ. ಗಾಲಿಯ ವ್ಯಾಸ 2 ಮಿ.ಮೀ. ಸವೆದು, ಕಂಪ್ಯೂಟರಿನಲ್ಲಿ ಹಳೆಯ ಅಂಕಿಯೇ ಉಳಿದಿದ್ದರೆ ಕಿ.ಮೀ.ಗೆ 2 ಮೀಟರಿಗೂ ಹೆಚ್ಚು ತಪ್ಪು, ನೂರು ಕಿ.ಮೀ. ಹೋದ ಮೇಲೆ 200 ಮೀಟರಿಗೂ ಮೀರಿದ ತಪ್ಪು. ಬ್ರೇಕ್ ಹಾಕುವ ಅಚ್ಚಿಗೆ ಎನ್‌ಕೋಡರ್ ಇದ್ದರೆ ಗಾಲಿ ಜಾರಿದಾಗಲೂ ಲೆಕ್ಕ ತಪ್ಪುತ್ತದೆ; ಹಾಗಾಗಿ ಬ್ರೇಕಿಲ್ಲದ ಅಚ್ಚನ್ನೇ ಆರಿಸಬೇಕು. ಉಪಗ್ರಹ ಸ್ಥಾನ, ಹಳಿಯಲ್ಲಿ ನೆಟ್ಟ ಟ್ಯಾಗ್, ಇವುಗಳಿಂದ ತಿದ್ದುತ್ತಾರೆ ನಿಜ. ಆದರೆ ಕಿ.ಮೀ. ಕಲ್ಲುಗಳ ನಡುವಿನ ದೂರವೇ ಎಲ್ಲ ಕಡೆ ಸರಿಯಾಗಿ ಸಾವಿರ ಮೀಟರ್ ಇರುವುದಿಲ್ಲ.

ಎರಡನೆಯದು, ಜಾಗ ಸರಿ, ಭಾರವಿಲ್ಲ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಸಂಚಾರದಿಂದ ರಕ್ಷಣೆಯ ವ್ಯವಸ್ಥೆ, ಕಾವಲು. ಅದಿಲ್ಲದೆ ಹಳಿಗೆ ಇಳಿಯುವಂತಿಲ್ಲ. ಆಮೇಲೆ ಗ್ರಾಫಿನಲ್ಲಿ ದೋಷದ ಹತ್ತಿರ ತಪ್ಪದೆ ಗುರುತಿಸಬಹುದಾದ ಒಂದು ವಸ್ತುವನ್ನು ಹಿಡಿಯಿರಿ: ಪಾಯಿಂಟಿನ ಕ್ರಾಸಿಂಗ್ (ದಾರಿ ಕವಲೊಡೆಯುವಲ್ಲಿ ಒಂದು ಹಳಿ ಇನ್ನೊಂದನ್ನು ದಾಟುವ ಜಾಗ), ಸೇತುವೆಯ ತುದಿ, ತಿರುವು ಶುರುವಾಗುವ ಜಾಗ. ದೋಷ ಅದರಿಂದ ಎಷ್ಟು ಮೀಟರ್ ಎಂದು ಗ್ರಾಫಿನಲ್ಲೇ ಎಣಿಸಿ, ಸ್ಥಳದಲ್ಲಿ ಟೇಪ್ ಹಿಡಿದು ಅಷ್ಟೇ ದೂರ ನಡೆಯಿರಿ. ಕಿ.ಮೀ. ಕಲ್ಲಿನಿಂದ ಹೊರಡಬೇಡಿ. ಸಿಕ್ಕ ಜಾಗದ ಎರಡೂ ಕಡೆ ಹತ್ತು ಹತ್ತು ಮೀಟರ್ ಗೇಜ್ ಮತ್ತು ಲೆವೆಲ್ ಪಟ್ಟಿಯನ್ನು ಒಂದೊಂದು ಸ್ಲೀಪರಿಗೂ ಇಟ್ಟು ಬರೆದುಕೊಳ್ಳಿ.

ಈಗ ಬಗ್ಗಿ ನೋಡಿ. ಪೊಳ್ಳಿರುವ ಸ್ಲೀಪರಿನ ತುದಿಯಲ್ಲಿ ಜಲ್ಲಿಗೂ ಕಾಂಕ್ರೀಟಿಗೂ ನಡುವೆ ತೆಳ್ಳನೆ ಬಿರುಕಿನಂಥ ಸಂದು ಇರುತ್ತದೆ, ಸುತ್ತಲಿನ ಕಲ್ಲುಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ. ಸ್ಲೀಪರ್ ಕುಣಿದು ಕಲ್ಲನ್ನು ಅರೆದ ಪುಡಿ ಅದು. ಮಳೆಗಾಲದಲ್ಲಿ ಅದೇ ಪುಡಿ ನೀರಿಗೆ ಕಲಸಿ ಬೂದು ಕೆಸರಾಗಿ ಹಳಿಯ ಪಕ್ಕಕ್ಕೂ ಸಿಡಿದಿರುತ್ತದೆ. ಸ್ಲೀಪರನ್ನು ಕೋಲಿನಿಂದ ತಟ್ಟಿದರೆ ಗಟ್ಟಿ ಕೂತದ್ದಕ್ಕೂ ಪೊಳ್ಳಿನದಕ್ಕೂ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಕುಸಿತ ಅಳೆಯುವ ಕಡ್ಡಿಯನ್ನು ಹಳಿಯಡಿ ನೆಟ್ಟು ಒಂದು ರೈಲು ಹೋಗಲು ಬಿಡಿ. ಬಂದ ಕುಸಿತವನ್ನು ಪಟ್ಟಿಯ ಓದಿಗೆ ಸೇರಿಸಬೇಕು. ಖಾಲಿ ಹಳಿಯಲ್ಲಿ ಬಲ ಹಳಿ 4 ಮಿ.ಮೀ. ತಗ್ಗು, ಭಾರದಲ್ಲಿ ಇನ್ನೂ 7 ಮಿ.ಮೀ. ಕುಸಿಯಿತು, ಎಡ ಹಳಿ ಅಲುಗಲಿಲ್ಲ ಎಂದಾದರೆ ನಿಜವಾದ ಕ್ರಾಸ್ ಲೆವೆಲ್ 11. ಇದನ್ನು ಮಾಡದೆ "ದೋಷ ಕಂಡುಬಂದಿಲ್ಲ" ಎಂದು ವರದಿಗೆ ಷರಾ ಬರೆಯುವುದು ತಪ್ಪು. ಅದರಿಂದ ಅನಾಹುತಗಳಾಗುತ್ತವೆ.

ಗಾಡಿ ಸುಳ್ಳು ದೋಷ ತೋರಿಸುವುದುಂಟೇ?

ಉಂಟು. ಪಾಯಿಂಟಿನ ಕ್ರಾಸಿಂಗಿನಲ್ಲಿ ಗಾಲಿಯ ಅಂಚು ಹೋಗಲು ಹಳಿ ತುಂಡಾಗಿರುವ ಜಾಗವಿದೆ. ಅಲ್ಲಿ ಲೇಸರಿಗೆ ಹಿಡಿಯಲು ಹಳಿಯ ಮೈಯೇ ಇರುವುದಿಲ್ಲ. ಗಾಲಿ ದಾರಿ ತಪ್ಪದಂತೆ ಒಳಪಕ್ಕದಲ್ಲಿ ಹಾಕಿದ ಚೆಕ್ ರೈಲನ್ನು ಓಡುವ ಹಳಿಯೆಂದು ಭ್ರಮಿಸಿದರೆ ಗೇಜ್ ಅಸಾಧ್ಯವೆನಿಸುವಷ್ಟು ಕುಗ್ಗುತ್ತದೆ. ಹಳಿ ಪಕ್ಕದ ಹುಲ್ಲು, ಗ್ರೀಸಿನ ಮುದ್ದೆ, ಒದ್ದೆ ಹಳಿಯ ಹೊಳಪು, ಹಿಮ, ಬೆಳಿಗ್ಗೆ ಸಂಜೆ ಓರೆಯಾಗಿ ಕ್ಯಾಮೆರಾಕ್ಕೆ ನುಗ್ಗುವ ಬಿಸಿಲು, ಇವೆಲ್ಲ ತೊಂದರೆ ಕೊಡುತ್ತವೆ. ಕ್ಯಾಮೆರಾದ ಗಾಜಿನ ಮೇಲೆ ಬ್ರೇಕಿನ ಧೂಳು ಕೂತರೆ ಗೆರೆ ಮೆಲ್ಲಮೆಲ್ಲನೆ ಗದ್ದಲವಾಗುತ್ತ ಹೋಗುತ್ತದೆ; ಅದಕ್ಕೇ ಗಾಜಿಗೆ ಸದಾ ಗಾಳಿ ಊದುವ ವ್ಯವಸ್ಥೆ ಇಡುತ್ತಾರೆ.

ಸುಳ್ಳನ್ನು ಪತ್ತೆ ಹಚ್ಚಲು ಉಕ್ಕಿನ ಗುಣವೇ ಸಾಕು. 25 ಸೆಂ.ಮೀ. ಉದ್ದದಲ್ಲಿ ಹಳಿ 20 ಮಿ.ಮೀ. ಬಾಗಲಾರದು. ಅಂಥ ಚೂಪಾದ ಜಿಗಿತ ಗ್ರಾಫಿನಲ್ಲಿ ಕಂಡರೆ ಅದು ಉಪಕರಣದ್ದು, ಇಲ್ಲವೇ ಹಳಿ ನಿಜವಾಗಿಯೂ ಅಲ್ಲಿ ತುಂಡಾಗಿದೆ. ಎರಡನೆಯದು ಅಲ್ಲವೆಂದು ಖಾತ್ರಿಯಾಗುವವರೆಗೆ ಅಳಿಸಿಹಾಕಬೇಡಿ.

ಹೊರಡುವ ಮುಂಚೆ ಗಾಡಿಯನ್ನು ಪರೀಕ್ಷಿಸುವುದು ಹೇಗೆ?

ಗಾಜು ಒರೆಸಿ. ಒಳ್ಳೆಯ ನೇರ ಹಳಿಯ ಮೇಲೆ ಗಾಡಿ ನಿಲ್ಲಿಸಿ, ಲೇಸರ್ ಬೀಳುವ ಜಾಗದಲ್ಲೇ ಪ್ರಮಾಣಿತ ಗೇಜ್ ಪಟ್ಟಿ ಇಟ್ಟು ಹೋಲಿಸಿ, 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಸಿಗದೆ ಹೊರಡಬಾರದು. ಗೊತ್ತಿರುವ ದಪ್ಪದ ಉಕ್ಕಿನ ಬಿಲ್ಲೆ ಇಟ್ಟು, 10 ಮಿ.ಮೀ. ಇಟ್ಟರೆ 10 ಎಂದೇ ಓದುತ್ತದೆಯೇ ನೋಡಿ. ಟೇಪಿನಲ್ಲಿ ಅಳೆದ ಒಂದು ಕಿ.ಮೀ. ಓಡಿಸಿ ಎನ್‌ಕೋಡರಿನ ಗಾಲಿ ವ್ಯಾಸ ತಿದ್ದಿ.

ಕ್ರಾಸ್ ಲೆವೆಲ್ಲಿನ ಸೊನ್ನೆ ತಿದ್ದಲು ಸುಲಭವಾದ ಉಪಾಯವಿದೆ. ಒಂದೇ ಬಿಂದುವನ್ನು ಗಾಡಿಯ ಮುಖ ತಿರುಗಿಸಿ ಎರಡು ಸಲ ಅಳೆಯಿರಿ. ಗಾಡಿಯ ಎಡ ಈಗ ಬಲವಾದ್ದರಿಂದ ಚಿಹ್ನೆ ಬದಲಾಗಿ ಅಂಕಿ ಅಷ್ಟೇ ಬರಬೇಕು. ಒಮ್ಮೆ +8, ಇನ್ನೊಮ್ಮೆ −6 ಬಂದರೆ ಹಳಿಯ ನಿಜವಾದ ಅಂಕಿ 7, ಗಾಡಿಯ ಸ್ವಂತ ತಪ್ಪು +1.

ಕೊನೆಗೆ ಅದೇ ಕಿ.ಮೀ.ಯನ್ನು ಒಂದೇ ವೇಗದಲ್ಲಿ ಎರಡು ಸಲ, ಬೇರೆ ವೇಗದಲ್ಲಿ ಒಮ್ಮೆ, ಎದುರು ದಿಕ್ಕಿನಲ್ಲಿ ಒಮ್ಮೆ ಓಡಿಸಿ ಗ್ರಾಫುಗಳನ್ನು ಒಂದರ ಮೇಲೊಂದು ಇಡಿ. ವೇಗ ಬದಲಾದಾಗ ಎತ್ತರ ಬದಲಾದರೆ ಸಂಕಲನದ ಭಾಗದಲ್ಲಿ ತಪ್ಪಿದೆ. ದಿಕ್ಕು ಬದಲಾದಾಗ ಶಿಖರಗಳು ಸರಿದರೆ ಫಿಲ್ಟರಿನಲ್ಲಿ, ಇಲ್ಲವೇ ಸೆನ್ಸರ್ ಮತ್ತು ಎನ್‌ಕೋಡರ್ ನಡುವಿನ ದೂರವನ್ನು ನಮೂದಿಸಿದ್ದರಲ್ಲಿ ತಪ್ಪಿದೆ.

ಶಿಖರ ನೋಡಬೇಕೇ, ಮಾನಕ ವಿಚಲನೆ ನೋಡಬೇಕೇ?

ಎರಡೂ, ಬೇರೆ ಬೇರೆ ಕೆಲಸಕ್ಕೆ. ಒಂಟಿ ಶಿಖರ ಸುರಕ್ಷತೆಯ ಮಾತು. ಇಎನ್ 13848 ಇದಕ್ಕೆ ಮೂರು ಮೆಟ್ಟಿಲು ಇಟ್ಟಿದೆ: ಗಮನದಲ್ಲಿಡಬೇಕಾದದ್ದು, ಸರದಿಗೆ ಮುಂಚೆ ದುರಸ್ತಿ ಮಾಡಬೇಕಾದದ್ದು, ತಕ್ಷಣ ಕ್ರಮ ಬೇಕಾದದ್ದು. ಮೂರನೆಯದಕ್ಕೆ ಸ್ಥಳ ಪರಿಶೀಲನೆಗೆ ಕಾಯುವ ಮುಂಚೆಯೇ ವೇಗ ಇಳಿಸಬೇಕು, ಅಗತ್ಯವಿದ್ದರೆ ಮಾರ್ಗವನ್ನೇ ಮುಚ್ಚಬೇಕು. 200 ಮೀ. ತುಂಡಿನ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು, ಹಳಿಯ ಒಟ್ಟಾರೆ ಆರೋಗ್ಯ ಹೇಳುತ್ತದೆ, ದುರಸ್ತಿ ಯಂತ್ರ ಯಾವಾಗ ತರಿಸಬೇಕು ಎಂಬ ಯೋಜನೆಗೆ ಬೇಕು. ಒಂದು ತುಂಡಿನ ಅಂಕಿ ಮೂರು ಓಟಗಳಲ್ಲಿ 1.2, 1.5, 1.8 ಎಂದು ಏರಿದ್ದರೆ, ಮಿತಿ 2.4 ಇದ್ದಲ್ಲಿ ಇನ್ನೆರಡು ಓಟಕ್ಕೆ ಅದು ಮಿತಿ ಮುಟ್ಟುತ್ತದೆ. ಈ ಏರಿಕೆಯನ್ನು ಕಾಣಬೇಕಾದರೆ ಓಟಗಳ ಸ್ಥಾನಗಳು ಮೀಟರಿನೊಳಗೆ ಹೊಂದಬೇಕು.

ಹಳಿಯ ಒಳಗಿನ ಬಿರುಕನ್ನೂ ಇದು ಹಿಡಿಯುತ್ತದೆಯೇ?

ಇಲ್ಲ. ಅದಕ್ಕೆ ಅಲ್ಟ್ರಾಸೋನಿಕ್ ಮತ್ತು ಎಡ್ಡಿ ಕರೆಂಟ್ ಉಪಕರಣ ಬೇಕು. ಎಲ್ಮರ್ ಸ್ಪೆರಿ 1928ರಲ್ಲೇ ಒಳಬಿರುಕು ಹುಡುಕುವ ಪ್ರತ್ಯೇಕ ಗಾಡಿ ಕಟ್ಟಿದ್ದು ಇದಕ್ಕೇ. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ ಹಳಿತಲೆಯ ಮೂಲೆಯ ಬಿರುಕುಗಳಿಂದ ಹಳಿ ಚೂರಾಗಿ ನಾಲ್ವರು ಸತ್ತರು. ಅಂಥ ಬಿರುಕು ಆಕಾರದ ಅಳತೆಗೆ ಸಿಗುವಂಥದ್ದಲ್ಲ.

ಬೇಸಿಗೆಯಲ್ಲಿ ಹಳಿ ಬಾಗುವುದನ್ನು ಮೊದಲೇ ಹೇಳುತ್ತದೆಯೇ?

ನೇರವಾಗಿ ಹೇಳದು. ಉದ್ದಕ್ಕೆ ಬೆಸೆದ, ಮೀಟರಿಗೆ 60 ಕೆ.ಜಿ. ತೂಗುವ ಹಳಿಯಲ್ಲಿ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 18 ಕಿಲೋನ್ಯೂಟನ್ ಒತ್ತಡ ಕಟ್ಟಿಕೊಳ್ಳುತ್ತದೆ. 30 ಡಿಗ್ರಿಗೆ 550ರ ಹತ್ತಿರ, ಒಂದೊಂದು ಹಳಿಗೂ. ಈ ಒತ್ತಡ ಅಳತೆ ಗಾಡಿಗೆ ಕಾಣುವುದಿಲ್ಲ. ಆದರೆ ಒಂದು ಸುಳಿವು ಕೊಡುತ್ತದೆ: ಅಲೈನ್‌ಮೆಂಟ್ ಗೆರೆಯಲ್ಲಿ ಎರಡೂ ಹಳಿ ಒಟ್ಟಿಗೆ ಒಂದೇ ಕಡೆಗೆ ಸರಿದು, ಬೇಸಿಗೆಯ ಓಟದಲ್ಲಿ ಕಳೆದ ಓಟಕ್ಕಿಂತ ಬೆಳೆದಿದ್ದರೆ ಅಲ್ಲಿ ಪಕ್ಕದ ಜಲ್ಲಿಯ ಭುಜ ಸಡಿಲವಾಗಿದೆಯೇ ಎಂದು ನೋಡಿ. ಎರಡು ಹಳಿಯೂ ಒಟ್ಟಿಗೆ ಸರಿದಾಗ ಗೇಜ್ ಗೆರೆ ನೆಟ್ಟಗೇ ಇರುತ್ತದೆ. ಗೇಜ್ ಮಾತ್ರ ನೋಡುವವರಿಗೆ ಇದು ಕಾಣದು.

ಎಷ್ಟು ದಿನಕ್ಕೊಮ್ಮೆ ಓಡಿಸಬೇಕು?

ವೇಗ, ಸಾಗುವ ಟನ್ನು, ಹಳಿ ಕೆಡುವ ದರ ನೋಡಿ. ಜಪಾನಿನ ಡಾಕ್ಟರ್ ಯೆಲ್ಲೋ, 923 ಸರಣಿಯ ಹಳದಿ ರೈಲು, ಟೋಕಿಯೊ ಮತ್ತು ಹಕಾಟಾ ನಡುವೆ ಸುಮಾರು ಹತ್ತು ದಿನಕ್ಕೊಮ್ಮೆ ಗಂಟೆಗೆ 270 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಅದರ ಎರಡು ರೈಲುಗಳಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತವಾಯಿತು. ಆ ಕೆಲಸ ಈಗ ಪ್ರಯಾಣಿಕರ ರೈಲುಗಳಿಗೇ ಅಳವಡಿಸುವ ಉಪಕರಣಗಳ ಕಡೆಗೆ ಸಾಗುತ್ತಿದೆ. ಫ್ರಾನ್ಸಿನ ಐರಿಸ್ 320 ಗಂಟೆಗೆ 320 ಕಿ.ಮೀ. ವೇಗದಲ್ಲಿ ಅಳೆಯುತ್ತದೆ. ದಿನವೂ ಓಡುವ ರೈಲಿನಲ್ಲಿ ಅಳತೆ ಇಟ್ಟರೆ ಲಾಭ ದೊಡ್ಡದು: ಎರಡು ಓಟಗಳ ನಡುವೆ ವೇಗವಾಗಿ ಬೆಳೆಯುವ ದೋಷ ತಪ್ಪಿಸಿಕೊಳ್ಳುವುದಿಲ್ಲ. ಗಾಜು ಒರೆಸಲು, ಸುಳ್ಳು ಶಿಖರ ಗುರುತಿಸಲು ಒಳಗೆ ಯಾರೂ ಇಲ್ಲದಿರುವುದು ಅದರ ಕಷ್ಟ.

ಟ್ಯಾಂಪಿಂಗ್ ಮಾಡಿದರೂ ಅದೇ ಜಾಗದಲ್ಲಿ ದೋಷ ಮರಳಿ ಬರುವುದೇಕೆ?

ಟ್ಯಾಂಪಿಂಗ್ ಯಂತ್ರ ಹಳಿ ಎತ್ತಿ ಜಲ್ಲಿ ತುರುಕುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ಕೆಳಗೆ ನೀರು ನಿಂತಿದ್ದರೆ, ಜಲ್ಲಿಯ ಸಂದು ಮಣ್ಣಿನಿಂದ ಕಟ್ಟಿದ್ದರೆ, ಬೆಸುಗೆ ಕೂತುಹೋಗಿ ಪ್ರತಿ ಗಾಲಿಯೂ ಅಲ್ಲಿ ಗುದ್ದುತ್ತಿದ್ದರೆ, ಸೇತುವೆಯ ಗಟ್ಟಿ ನೆಲದಿಂದ ಮೆತ್ತಗಿನ ಏರಿಗೆ ಹಳಿ ಇಳಿಯುತ್ತಿದ್ದರೆ, ಕೆಲವೇ ವಾರಗಳಲ್ಲಿ ಗೆರೆ ಮೊದಲಿನ ಆಕಾರಕ್ಕೇ ಮರಳುತ್ತದೆ. ಮೇಲಾಗಿ ಪ್ರತಿ ಟ್ಯಾಂಪಿಂಗಿಗೂ ಕಲ್ಲಿನ ಮೂಲೆಗಳು ಮುರಿದು ಪುಡಿ ಹೆಚ್ಚುತ್ತದೆ.

ಕೆಲಸದ ಹಿಂದಿನ ಓಟ, ಕೆಲಸವಾದ ಕೂಡಲೇ ತೆಗೆದ ಓಟ, ಮೂರು ತಿಂಗಳ ನಂತರದ ಓಟ, ಈ ಮೂರು ಗ್ರಾಫನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡಿ. ಮೂರನೆಯದು ಮೊದಲನೆಯದರ ಮೇಲೆ ಕೂತರೆ ಇನ್ನೊಮ್ಮೆ ಟ್ಯಾಂಪಿಂಗಿಗೆ ಬರೆಯಬೇಡಿ. ಸ್ಲೀಪರಿನ ತುದಿಯಲ್ಲಿ ಜಲ್ಲಿ ಅಗೆಸಿ, ಎಷ್ಟು ಆಳದಲ್ಲಿ ಕೆಸರು ಸಿಗುತ್ತದೆ ಎಂದು ಅಳೆಯಿರಿ, ಪಕ್ಕದ ಚರಂಡಿಯ ತಳ ಅದಕ್ಕಿಂತ ಕೆಳಗಿದೆಯೇ ಎಂದು ಲೆವೆಲ್ ಹಿಡಿದು ನೋಡಿ, ನೇರ ಅಂಚಿನ ಪಟ್ಟಿ ಇಟ್ಟು ಬೆಸುಗೆ ಎಷ್ಟು ಕೂತಿದೆ ಎಂದು ಬರೆದುಕೊಳ್ಳಿ.